ಒಡೆದ ಮೊಟ್ಟೆಯ ಲೆಕ್ಕ

ಮೊದಲು ಹೇಳಿದ್ದು ಮೊಟ್ಟೆ. ಗಾಡಿ ಆಮೇಲೆ.

ಹೋದ ತಿಂಗಳು ದಿನಕ್ಕೆ ನಾಲ್ಕು ಒಡೆಯುತ್ತಿದ್ದವು,
ಮಾಲೂರಿಂದ ಬಂಗಾರಪೇಟೆ, ಅಲ್ಲಿಂದ ಬೂದಿಕೋಟೆ, ಕಾಮಸಮುದ್ರ.
ನಾಲ್ಕು, ದಾರಿಗೆ ಬಿಟ್ಟ ಲೆಕ್ಕ.
ಸಂಜೆ ಈರುಳ್ಳಿ ಜೊತೆ ಹುರಿದರೆ ಮುಗಿಯಿತು.
ಈ ಸೋಮವಾರ ಹನ್ನೊಂದು.
ಮಂಗಳವಾರ ಹದಿನಾಲ್ಕು, ಎಲ್ಲವೂ ಹಿಂದಿನ ಎಡಗಡೆಯ ಟ್ರೇ.
ಬುಧವಾರ ನಾನು ಎಣಿಸಲಿಲ್ಲ.
ಲೋಳೆ ಸೋರಿ, ಓಮ್ನಿಯ ಬಾಗಿಲ ಸಂದಿಯಲ್ಲಿ ಒಣಗಿ
ವಾರ್ನಿಷ್ ಬಳಿದಂತೆ ಹೊಳೆಯುತ್ತಿತ್ತು.

ರೈಲ್ವೆ ಗೇಟಿನಾಚೆ ಚಾಂದ್ ಪಾಷನ ಶೆಡ್ಡು.
ಅವನು ಏನೂ ಕೇಳಲಿಲ್ಲ.
ಗಾಡಿಯ ಮೂಲೆಗೆ ಎರಡೂ ಅಂಗೈ ಊರಿ
ಒಮ್ಮೆ ಅದುಮಿ ಬಿಟ್ಟ.
ಇಳಿಯಿತು, ಏರಿತು,
ಇಳಿಯಿತು, ಏರಿತು,
ಇನ್ನೂ ಒಂದು ಸಲ, ಸಣ್ಣಗೆ.

“ನೋಡು ಪಿಳ್ಳಮ್ಮಕ್ಕ, ಒಂದು ಮಾತಿಗೆ ಒಂದೇ ಸಲ ತಲೆ ಆಡಿಸ್ಬೇಕು.
ಇದು ಆಡಿಸ್ತಾನೇ ಇದೆ.
ಕೇಳಿಸ್ಕೊಂಡೇ ಇಲ್ಲ ಅಂತ ಅರ್ಥ.”

ನಾನು ಇಷ್ಟು ದಿನ ಪೆಟ್ಟು ತಿನ್ನುವುದೇ ಶಾಕ್ ಅಂದುಕೊಂಡಿದ್ದೆ.
ಅಲ್ಲವಂತೆ. ತಿನ್ನುವುದು ಕಮಾನಿನ ಪಟ್ಟಿ.
ತಿಂದದ್ದನ್ನೇ ಹಿಡಿದು ಅದು ಕುಣಿಯುತ್ತಾ ಕೂತರೆ
‘ಆಯ್ತು, ಬಿಡು’ ಅನ್ನುವುದಷ್ಟೇ ಇದರ ಕೆಲಸ.

ಗೋಣಿಚೀಲದ ಮೇಲೆ ಮೂರು ಜೋಡಿ ಮಲಗಿಸಿದ.
ಕಂಪನಿಯದು, ಎಣ್ಣೆಯದು, ಕವರು ಹರಿಯದ್ದು.
ಗ್ಯಾಸಿನದು, ಕೆಂಪು ಬಣ್ಣ, ಭಾರಿ ಬಿರುಸು.
ಮೂರನೆಯದು ಗುಜರಿ: ಯಾರದೋ ಗಾಡಿಯ ಹೊಟ್ಟೆಯಿಂದ ಬಿಚ್ಚಿ
ತೊಳೆದು, ಕರಿ ಬಣ್ಣ ಬಳಿದದ್ದು.
ಬಣ್ಣದ ಅಡಿಯಲ್ಲಿ ಸಣ್ಣಗೆ ಬೆವರುತ್ತಿತ್ತು.
“ಎಂಟುನೂರೇ,” ಅಂದ ಕೆಲಸದ ಹುಡುಗ ಸಂಪಂಗಿ.
ಪಾಷ ಅವನ ಕಡೆ ನೋಡಿದ.
ಹುಡುಗ ಸ್ಪ್ಯಾನರ್ ಹುಡುಕಲು ಹೋದ.

ತುಂಬಿದ ಗಾಡಿಗೆ ಬಿರುಸು ಒಳ್ಳೆಯದು,
ಖಾಲಿ ಗಾಡಿಗೆ ಅದೇ ಬಿರುಸು ಒನಕೆ.
ನನ್ನದು ಬೆಳಿಗ್ಗೆ ನೂರೈವತ್ತು ಟ್ರೇ,
ಮಧ್ಯಾಹ್ನ ಬರೀ ರಟ್ಟು, ನಾನು, ನಾದಿನಿ ಗೌರಮ್ಮ,
ಮತ್ತೆ ಗೌರಮ್ಮನ ಸೊಂಟ.
ಕೆಂಪಿನ ಮೇಲೆ ಕೈ ಇಟ್ಟಿದ್ದೆ.
“ಅದು ಬೇಡ ಅತ್ತಿಗೆ,” ಅಂದಳು,
“ಮೊಟ್ಟೆ ಇಳಿಸಿದ ಮೇಲೆ ನಾನು ತಾನೇ ಮೊಟ್ಟೆ?”

ಪಾಷ ನಕ್ಕ. ಸಂಪಂಗಿಯೂ ನಕ್ಕ.
ಮೊನ್ನೆ ಬೂದಿಕೋಟೆ ತಿರುವಿನ ಗುಂಡಿಯಲ್ಲಿ
ಅವಳು ಎರಡೂ ಕೈಯಲ್ಲಿ ಸೀಟು ಹಿಡಿದು ಕಣ್ಣು ಮುಚ್ಚಿದ್ದು
ಓರೆಗಣ್ಣಿಗೆ ಬಿದ್ದಿತ್ತು.
ನಾನು ಹಿಂದೆ ತಿರುಗಿ
ಟ್ರೇ ನೋಡಿದ್ದೆ.

ಎಣ್ಣೆಯದೇ ಹಾಕು ಅಂದೆ. ಎಡಕ್ಕೆ ಮಾತ್ರ.
“ಬಲಗಡೆಯದು ಚೆನ್ನಾಗೇ ಇದೆಯಲ್ಲ ಪಾಷಣ್ಣ?”
“ಇದೆ. ಆದ್ರೂ ಜೋಡೀನೇ ಹಾಕ್ಬೇಕು.
ಒಂದು ಹೊಸದು ಒಂದು ಹಳೇದು ಅಂದ್ರೆ
ಗಾಡಿ ಬ್ರೇಕಿಗೊಂದು ಸಲ ಜಗಳ ಆಡುತ್ತೆ.”
ಸಾವಿರದ ಒಂಬೈನೂರು. ಸಾವಿರದ ಏಳುನೂರೈವತ್ತಕ್ಕೆ ಇಳಿಸಿದೆ,
ಮೇಲೆ ಒಂದು ಡಜನ್ ಮೊಟ್ಟೆ, ಒಡೆಯದ್ದು.

ಬಿಚ್ಚಿದ ಎರಡನ್ನೂ ಕೈಗೆ ತೆಗೆದುಕೊಂಡೆ.
ಎಡದ್ದು ವಾಷರು ಹರಿದ ಸೈಕಲ್ ಪಂಪು,
ಎಳೆದರೂ ಸರಿ, ತಳ್ಳಿದರೂ ಸರಿ.
ಬಲದ್ದು ತಳ್ಳಿದರೆ ತಡೆಯಿತು, ಎಳೆದರೂ ತಡೆಯಿತು,
ಯಾವ ತಪ್ಪಿಗೆ ಬಿಚ್ಚಿದಿರಿ ಎಂದು ಕೇಳುವ ಹಾಗೆ.
ಅದನ್ನು ಗುಜರಿಗೆ ಕೊಡಲು ಮನಸ್ಸಾಗಲಿಲ್ಲ.
ಮನೆಯಲ್ಲಿ ಮಂಚದ ಕೆಳಗಿದೆ. ಯಾಕೆ ಅಂತ ಕೇಳಬೇಡಿ.

ಮಾರನೆಯ ಬೆಳಿಗ್ಗೆ ಅದೇ ತಿರುವು, ಅದೇ ಗುಂಡಿ.
ಧಡ್ ಎಂದಿತು.
ಎರಡನೆಯ ಅಲುಗಾಟಕ್ಕೆ ಮೈ ಕಾಯುತ್ತಿತ್ತು.
ಬರಲಿಲ್ಲ.
ಗೌರಮ್ಮ ಮಾತ್ರ ಕಾಮಸಮುದ್ರದವರೆಗೂ
ಸೀಟು ಬಿಟ್ಟಿರಲಿಲ್ಲ.

ಸಂಜೆ ಎಣಿಸಿದರೆ ಮೂರು.
“ಮೂರಕ್ಕೆ ಈರುಳ್ಳಿ ಎಷ್ಟು ಹೆಚ್ಚಲಿ?” ಒಳಗಿಂದ ಕೂಗಿದಳು.
ಯಾವಾಗಿನಷ್ಟೇ ಹೆಚ್ಚು, ಅಂದೆ.
ಟ್ರೇಯಿಂದ ಗಟ್ಟಿಯಾದ ಒಂದನ್ನು ಆರಿಸಿ
ಬಾಣಲೆಯ ಅಂಚಿಗೆ ನಾನೇ ಕುಟ್ಟಿದೆ.