ಹದಿನಾಲ್ಕನೆಯ ಕಾಲಂ

ಹೊಸ ನಮೂನೆ ಬಂದಿದೆ, ನಾಲ್ಕು ಹಾಳೆ.
ಓದು ಏಳನೇ ಕ್ಲಾಸಿಗಿಂತ ಕಡಿಮೆಯೇ? ಒಂದು ಅಂಕ.
ಸ್ವಂತ ಮನೆಯಿಲ್ಲವೇ? ಒಂದು.
ಕುಡಿತಕ್ಕೆ ಎರಡು. ಮನೆಮಂದಿಯಲ್ಲಿ ಇನ್ನೊಬ್ಬರು
ಕಟಕಟೆ ಹತ್ತಿದ್ದರೆ ಅದಕ್ಕೂ ಒಂದು.
ಏಳು ಮುಟ್ಟಿದರೆ ‘ಅಪಾಯ ಹೆಚ್ಚು’.

ಕುಂಸಿ ದಾಟಿದ ಮೇಲೆ
ಜೀಪಿನ ಫಯಾಜ್ ತನ್ನದನ್ನೂ ಕೂಡಿಸಿ ನೋಡಿದ.
ಆರು.
‘ಒಂದ್ರಲ್ಲಿ ಉಳ್ಕೊಂಡೆ ಮೇಡಂ’ ಎಂದು ನಕ್ಕು
ಗೇರು ಬದಲಿಸಿದ.

ಹೆಸರು ಗಾಮಪ್ಪ. ಸೋಗಾನೆಯ ಜೈಲಿನಲ್ಲಿ ಹನ್ನೊಂದು ವರ್ಷ,
ಮಗ್ಗದ ಕೆಲಸ, ಸನ್ನಡತೆಯ ಪಟ್ಟಿಯಲ್ಲಿ ಒಂಬತ್ತನೆಯವ.
ಕೊಂದದ್ದು ಕೆರಿಯಪ್ಪನನ್ನು.
ಒಟ್ಟಿಗೆ ಹೊಡೆದ ಹಂದಿ, ತಲೆಯ ಪಾಲು ಯಾರದೆಂಬ ಮಾತು,
ಮಾತಿಗೆ ಮಾತು, ಆಮೇಲೆ ಕತ್ತಿ.

ಆಯುಧ ಕೈಗೆಟಕುವಂತಿದೆಯೇ?
ಸೊಂಟಕ್ಕೆ ಕೊಕ್ಕೆ ಕಟ್ಟದೆ ಹೊರಬೀಳುವ ಗಂಡಸು
ಆ ಊರಲ್ಲಿ ಒಬ್ಬನೂ ಇಲ್ಲ.
ನನಗೆ ಎಳನೀರು ಕೆತ್ತಿಕೊಟ್ಟ ಹುಡುಗನ ಕೈಯಲ್ಲೂ ಅದೇ.
‘ಇದೆ’ ಎಂದು ಬರೆದೆ.
ಎಳನೀರು ಕುಡಿದೆ.

ಹಾಲಮ್ಮ, ಕೆರಿಯಪ್ಪನ ಹೆಂಡತಿ,
ಹಿತ್ತಲಲ್ಲಿ ಬೂದಿ ಹಾಕಿ ಬಂಗಡೆ ಉಜ್ಜುತ್ತಿದ್ದಳು.
ತಲೆಯೆತ್ತಲಿಲ್ಲ.
‘ಬರ್ಲಿ. ನಾ ಬ್ಯಾಡ ಅಂದ್ರೆ ನಿಲ್ತದಾ?
ಇರದು ಒಂದೇ ನಲ್ಲಿ. ದಾರೀನೂ ಒಂದೇ,
ಅವ್ನ ಜಗಲಿ ಮುಂದೇನೇ.
ನಾ ಎಷ್ಟೊತ್ತಿಗೆ ನೀರಿಗೆ ಹೋಗ್ಬೇಕು,
ಅದನ್ನ ಬರ್ಕಳಿ.’

ಕಾಲಂ ಹದಿನಾಲ್ಕು: ಸಂತ್ರಸ್ತರ ಆಕ್ಷೇಪ.
ಇದೆ, ಇಲ್ಲ. ಅನ್ವಯಿಸದ್ದನ್ನು ಹೊಡೆದುಹಾಕಿ.

ನಾಲ್ಕು ವರ್ಷದ ಹಿಂದೆ ಒಬ್ಬ ಹುಡುಗನ ಹಾಳೆಯಲ್ಲಿ
‘ಅಪಾಯವಿಲ್ಲ’ ಎಂದು ಬರೆದಿದ್ದೆ, ನೀಲಿ ಶಾಯಿಯಲ್ಲಿ, ದುಂಡಗೆ.
ಬಿಟ್ಟ ಹತ್ತೊಂಬತ್ತನೆಯ ದಿನ
ಗಾಂಧಿ ಬಜಾರಿನಲ್ಲಿ ಬಳೆ ಅಂಗಡಿಯವನ ಹೊಟ್ಟೆಗೆ ಚೂರಿ.
ಪತ್ರಿಕೆಯ ಆ ತುಂಡನ್ನು ಯಾರೋ ನನ್ನ ಮೇಜಿನ ಗಾಜಿನಡಿ ಇಟ್ಟರು.
ಇನ್ನೂ ಇದೆ.
ನಾನೂ ತೆಗೆದಿಲ್ಲ.

‘ಬೇಡ’ ಎಂದು ಬರೆದವರು ಎಷ್ಟು ಮಂದಿಯೋ.
ಅವರಲ್ಲಿ ಯಾರು ಹೊರಗೆ ಬಂದು
ಬಸ್ಸಿಗೆ ಕಾದು, ಚಿಲ್ಲರೆಗೆ ಜಗಳವಾಡಿ,
ಮೊಮ್ಮಗಳ ಚಪ್ಪಲಿಗೆ ಮೊಳೆ ಹೊಡೆದು
ಸುಮ್ಮನೆ ಬದುಕುತ್ತಿದ್ದರು,
ಯಾವ ಪತ್ರಿಕೆ ಹಾಕಬೇಕು ಅದನ್ನು?
ನಡೆಯದೇ ಉಳಿದದ್ದಕ್ಕೆ
ಗಾಜಿನಡಿ ಜಾಗವಿಲ್ಲ.

ಹೋದ ವಾರ ಜೈಲಿನಲ್ಲಿ ಗಾಮಪ್ಪನನ್ನು ಕೇಳಿದ್ದೆ,
ನಮೂನೆಯಲ್ಲಿ ಇದ್ದ ಹಾಗೆಯೇ: ಮತ್ತೆ ಮಾಡುತ್ತೀಯಾ?
ದೇವರಾಣೆ ಇಲ್ಲ, ಮಕ್ಕಳಾಣೆ ಇಲ್ಲ, ಅನ್ನುತ್ತಾರೆ ಎಲ್ಲರೂ.
ಸೊನ್ನೆ ಹಾಕಿ ಮುಂದೆ ಹೋಗುತ್ತೇನೆ.
ಅವನು ಉಗುರಿನ ನೂಲು ಕಿತ್ತ, ಬಹಳ ಹೊತ್ತು.
‘ಅವತ್ತು ಬೆಳಿಗ್ಗೆ ಕೇಳಿದ್ರೂ
ಇಲ್ಲ ಅಂತಾನೇ ಅಂತಿದ್ದೆ ಮೇಡಂ.’

ತನ್ನ ಮೇಲೆ ತನಗೇ ಭರವಸೆಯಿಲ್ಲ: ಎರಡು ಅಂಕ.
ಅದನ್ನು ಬಿಟ್ಟರೆ ಆರು. ಹಿಡಿದರೆ ಎಂಟು.
ಇಷ್ಟು ವರ್ಷದಲ್ಲಿ
ನನಗೆ ಸಿಕ್ಕ ಒಂದೇ ಒಂದು ನಿಜವಾದ ಉತ್ತರ
ಅವನನ್ನು ಒಳಗೇ ಇಡುತ್ತದೆ.

ಸಂಜೆ ಪಂಚಾಯಿತಿಯ ಪಿಡಿಒಗೆ ಫೋನು ಮಾಡಿದೆ.
ಆ ಕೇರಿಗೆ ಇನ್ನೊಂದು ನಲ್ಲಿ ಹಾಕಬಹುದಾ,
ಮೇಲಿನ ತುದಿಗೆ?
‘ಯಾವ ಯೋಜನೇಲಿ ಮೇಡಂ?’ ಎಂದರು.
ಬೈಯಲಿಲ್ಲ ಅವರು. ನಿಜಕ್ಕೂ ಕೇಳಿದರು.
ನನ್ನಲ್ಲಿ ಉತ್ತರವಿರಲಿಲ್ಲ.

ನಾಳೆ ಹನ್ನೊಂದಕ್ಕೆ ಸಮಿತಿ.
ಕಾಲಂ ಹನ್ನೊಂದು ಇನ್ನೂ ಖಾಲಿ.
ಹದಿನಾಲ್ಕರಲ್ಲಿ ಎರಡನ್ನೂ ಹೊಡೆದುಹಾಕಿಲ್ಲ.
ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ:
ನೀರು ಬಿಡುವುದು ಬೆಳಿಗ್ಗೆ ಆರೂವರೆಗೆ.
ಏಳೂಕಾಲಿನ ತನಕ.