ಉದ್ದರಿ

ಮೂವತ್ತೊಂದು ವರ್ಷ ಅರ್ಬ್ರೋತಿನಲ್ಲಿ ಅಂಚೆ ಹಂಚಿದವಳು,
ವಿಳಾಸ ತಪ್ಪಿದ ಕಾಗದ ಕೈಗೆ ಬಂದರೆ
ಇವತ್ತಿಗೂ ನಿದ್ದೆ ಬಾರದು ನನಗೆ.
ನಿವೃತ್ತಿಯ ಮೊದಲ ಚಳಿಗಾಲ
ಹುಡುಕಲು ಹೊರಟೆ ಎಬೆನೀಜರ್ ಗೌರ್ಲೆಯನ್ನು.
ಅಪ್ಪನ ಅಜ್ಜನ ಅಪ್ಪ.
ಚಹಾ ವ್ಯಾಪಾರಿ.

ಸೋದರತ್ತೆ ವಿಲ್ಮಾ ಹೇಳುತ್ತಿದ್ದಳು:
ನಮ್ಮವರಿಗೆ ಹಡಗಿತ್ತಂತೆ,
ಚೀನಾದ ಯಾವುದೋ ರೇವಿನಲ್ಲಿ ಗೋದಾಮಿತ್ತಂತೆ,
ಚಹಾ ಇಡುವ ಪೆಟ್ಟಿಗೆಗೆ ಬೆಳ್ಳಿಯ ಬೀಗವಿತ್ತಂತೆ.
ಬೀಗವೊಂದು ಉಳಿದಿದೆ ನಿಜ. ಹಿತ್ತಾಳೆಯದು.
ಇದನ್ನೆಲ್ಲ ಹೇಳುವಾಗ ಅವಳ ಕಿರುಬೆರಳು
ಬಟ್ಟಲಿನ ಹಿಡಿಯಿಂದ ತಾನಾಗಿ ದೂರ ಸರಿಯುತ್ತಿತ್ತು.

ಎಡಿನ್‌ಬರೋದ ದಾಖಲೆಮನೆಯಲ್ಲಿ
ಪೆನ್ನು ಕಿತ್ತಿಟ್ಟುಕೊಂಡು ಪೆನ್ಸಿಲು ಕೊಟ್ಟರು.
ಸಾವಿರದ ಎಂಟುನೂರ ನಲವತ್ತೊಂದರ ಜನಗಣತಿ:
ಎಬೆನೀಜರ್, ಇಪ್ಪತ್ತೈದು, ಕೈಮಗ್ಗದ ನೇಕಾರ.
ಐವತ್ತೊಂದರಲ್ಲಿ ಅದೇ ಓಣಿ, ಅದೇ ಹೆಂಡತಿ,
ಕ್ರಿಶ್ಚಿಯನ್ ಸ್ಪಿಂಕ್ ಅಂತ ಅವಳ ಹೆಸರು,
ಆಗ ಇಲ್ಲಿ ಹೆಣ್ಣುಮಕ್ಕಳಿಗೂ ಹಾಗೆ ಕರೆಯುತ್ತಿದ್ದರು.
ಕಸುಬಿನ ಸಾಲಿನಲ್ಲಿ ನೇಕಾರ ಇಲ್ಲ,
ಓರೆ ಅಕ್ಷರದ ಎರಡು ಪದ ಇವೆ.
ಮಗ್ಗ ಏನಾಯಿತೆಂದು ಗಣತಿಯವನು ಕೇಳಿಲ್ಲ.
ಉಗಿಯ ಗಿರಣಿ ಬಂದು
ನೂಲು ಕೈಬಿಟ್ಟ ಮೇಲೆ ಅವನ ಬಳಿ ಉಳಿದದ್ದು
ಎರಡು ಕಾಲು, ಒಂದು ಹೆಗಲು,
ಕೊಟ್ಟ ಮಾತಿಗೆ ತೂಕದ ತಕ್ಕಡಿ.

ತಕ್ಕಡಿಯೂ ಸಾಚಾ ಏನಲ್ಲ.
ಐವತ್ತಾರರಲ್ಲಿ ದಂಡ ಕಟ್ಟಿದ್ದಾನೆ, ಎರಡು ಪೌಂಡು,
ಬೇಲಿಯ ಮುಳ್ಳುಗಿಡದ ಎಲೆ ಒಣಗಿಸಿ
ಚಹಾಕ್ಕೆ ಬೆರೆಸಿದ್ದಕ್ಕೆ.
ಇದನ್ನು ವಿಲ್ಮಾಳಿಗೆ ಹೇಳಿಲ್ಲ.

ಅರವತ್ತಮೂರರ ನವೆಂಬರಿನಲ್ಲಿ ಸತ್ತ.
ಬಿಟ್ಟುಹೋದ ಆಸ್ತಿಯ ಪಟ್ಟಿ, ಒಂದೇ ಹಾಳೆ:
ತವರದ ಡಬ್ಬಿ ಮೂರು. ತೊಗಲಿನ ಚೀಲ, ಹರಿದದ್ದು.
ಗಡಿಯಾರ, ನಡೆಯದು.
ಕೆಳಗೆ ಉದ್ದರಿಯ ಬಾಕಿ, ವಸೂಲಾಗದ್ದು,
ನಲವತ್ತೊಂದು ಹೆಸರು:
ಹೊಲದ ಆಳುಗಳು, ಬಲೆ ಹೆಣೆಯುವವರು,
ಲೈಟ್‌ಹೌಸಿನವನ ಅತ್ತಿಗೆ,
ಹೆಸರೇ ಇಲ್ಲದೆ ‘ಕೆಂಪು ಬಾಗಿಲಿನ ಹುಡುಗಿ’ ಒಬ್ಬಳು.
ಮೂವತ್ತಾರನೆಯ ಸಾಲಿನಲ್ಲಿ ಪೆನ್ಸಿಲು ನಿಂತಿತು.
ವಿಧವೆ ಸ್ವಾಂಕಿ, ಆಕ್‌ಮಿತಿ.
ಮೂರು ಔನ್ಸು. ಒಂಬತ್ತು ಪೆನ್ಸು.

ಸ್ವಾಂಕಿ ನನ್ನ ಅಮ್ಮನ ತವರು.
ತಾರೀಕು ನೋಡಿದೆ. ಪ್ಯಾರಿಷ್ ಪುಸ್ತಕವನ್ನೂ ತೆರೆದು ನೋಡಿದೆ.
ದೋಣಿ ಮರಳದೇ ಹೋದ ವಾರ ಅದು.
ಸಾವಿನ ಮನೆಗೆ ಊರು ಬಂದು ಕೂರುತ್ತದೆ,
ಬಂದವರಿಗೆ ಬಿಸಿಬಿಸಿ ಏನಾದರೂ ಕೊಡಬೇಕು,
ಅವಳ ಬಳಿ ಕಾಸಿಲ್ಲ, ದೇಹವೂ ಸಿಕ್ಕಿಲ್ಲ,
ಬಂಡೆಯಂಚಿನ ಆ ದಾರಿ ಹತ್ತಿ ಬಂದಿದ್ದಾನೆ ಇವನು,
ಚೀಲ ಇಳಿಸಿ ತೂಗಿ, ಬರೆದುಕೊಂಡು ಹೋಗಿದ್ದಾನೆ.
ಅದರಲ್ಲೂ ಮುಳ್ಳಿನೆಲೆ ಇತ್ತೇ?
ಹಾಳೆ ಹೇಳುವುದಿಲ್ಲ.
ಅದೇ ದಾರಿಯಲ್ಲಿ ನಾನೂ ಚೀಲ ಹೊತ್ತಿದ್ದೆ,
ವಾರಕ್ಕೆ ಆರು ದಿನ.
ನನ್ನ ಎಡ ಹೆಗಲು ಈಗಲೂ ಒಂದು ಬೆರಳು ತಗ್ಗು.

ಒಂಬತ್ತು ಪೆನ್ಸು. ಆ ನಾಣ್ಯ ಈಗ ಚಲಾವಣೆಯಲ್ಲಿಲ್ಲ.
ಇದ್ದರೂ ಯಾರಿಗೆ ಕೊಡಲಿ?
ಅಪ್ಪನ ಕಡೆಯ ಕೈ ಚಾಚಿದೆ,
ಅಮ್ಮನ ಕಡೆಯ ಕೈ ಬರಿದಾಗಿದೆ,
ಎರಡೂ ಸೇರಿ ಈ ಪೆನ್ಸಿಲು ಹಿಡಿದಿವೆ.

ವೃದ್ಧಾಶ್ರಮದಲ್ಲಿ ವಿಲ್ಮಾ
ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ ಕೇಳಿದಳು:
ಸಿಕ್ಕಿತೇನೇ ಹಡಗು?
ಸಿಕ್ಕಿತು ಅತ್ತೆ, ಅಂದೆ. ಸಣ್ಣದು.
ಒಬ್ಬನೇ ನಡೆಸುತ್ತಿದ್ದ.
ಎಲ್ಲಿಯ ತನಕ ಹೋಗಿತ್ತು?
ಬಿಸ್ಕತ್ತು ಮುರಿದು ಬಟ್ಟಲಿನ ತಳಕ್ಕಿಳಿಯಿತು.
ಆಕ್‌ಮಿತಿಯ ತನಕ, ಅಂದೆ,
ಮೂರು ಮೈಲಿ, ಗಾಳಿಗೆದುರಾಗಿ.