ಕೀಸುಳಿ ಹಾಕದ ತೊಲೆ

ವಾಲ್ದಿವಿಯಾದಿಂದ ಬಂದ ಹುಡುಗಿ ತಮಾರಾ ಓಯಾರ್ಸೊ
ನಕ್ಷೆ ಹರವಿದಳು ನನ್ನ ಗರಗಸದ ಮೇಜಿನ ಮೇಲೆ,
ನಾಲ್ಕು ಮೂಲೆಗೆ ನಾಲ್ಕು ಆಲೂಗಡ್ಡೆ ಇಟ್ಟು,
ಚಿಲೊಯೆಯ ಗಾಳಿಗೆ ಹಾರದಂತೆ.
ಹದಿನೆಂಟು ಚದರ ಮೀಟರು. ಇಷ್ಟೇ.
ಮಡಚುವ ಮೇಜು, ಮೆಟ್ಟಿಲ ಹೊಟ್ಟೆಯೊಳಗೆ ಕಪಾಟು,
ಒಂದೇ ಒಂದು ಮೊಳೆಯಿಲ್ಲ, ಎಲ್ಲ ಮರದ ಬೆಣೆ.
"ಬಿಚ್ಚಿದರೆ ಪೂರ್ತಿ ಬಿಚ್ಚಬೇಕು," ಅಂದಳು,
"ಇನ್ನೊಬ್ಬರಿಗೆ ಇನ್ನೊಂದು ಮನೆಯಾಗಬೇಕು."

ಸರಿ ಅಂದೆ. ಮೊಳೆ ಹೊಡೆಯುವುದು ಅವಸರದವರ ಕೆಲಸ.

ಯಾರಿಗೆ ಮನೆಯೋ ಆಕೆ, ಎದೆಲ್ಮಿರಾ ಕಾರ್ಕಮೊ,
ಕಡಲು ಇಳಿದ ಹೊತ್ತಲ್ಲಿ ಪಾಚಿ ಆಯುವವಳು,
ಬಗ್ಗಿ ನೋಡಿದಳು. ಬಹಳ ಹೊತ್ತು.
"ಎಲ್ಲ ಇದೆ. ನನ್ನ ಬೂಟು ಎಲ್ಲಿ?"
ಮೊಣಕಾಲುದ್ದದ ರಬ್ಬರ್ ಬೂಟು, ತೊಟ್ಟಿಕ್ಕುವ ಉಪ್ಪುನೀರು,
ಅದರ ಹಿಂದೆಯೇ ಒಳಬರುವ ಅರ್ಧ ಕಡಲತೀರ.
ತಮಾರಾ ಪೆನ್ಸಿಲ್ ಕಚ್ಚಿದಳು.
ಕಾಗದದ ಮನೆಯಲ್ಲಿ ಯಾರೂ ಒದ್ದೆಯಾಗಿರುವುದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ನಾವು ತಿರುವುಮುರುವು ಮಾಡಿದೆವು:
ಮರದ ಹೊಟ್ಟಿನ ಮೇಲೆ ಮಲಗಿಸಿ ಅವಳನ್ನೇ ಅಳೆದೆವು,
ನೆತ್ತಿಯಿಂದ ಹಿಮ್ಮಡಿ, ಮೇಲೊಂದು ಗೇಣು.
ಗಿಡ್ಡ ಹೆಂಗಸು; ಮಂಚದಲ್ಲಿ ಒಂದು ಮೊಳ ಉಳಿಯಿತು.
ಅದು ಬೂಟಿಗೆ.

ಮರ ಎಲ್ಲಿಂದ?
ಜೀವಂತ ಅಲೆರ್ಸೆ ಕಡಿಯುವಂತಿಲ್ಲ, ಕಾನೂನು.
ಕಾನೂನಿರದಿದ್ದರೂ ಕಡಿಯುತ್ತಿರಲಿಲ್ಲ ಎಂದು
ಎದೆ ತಟ್ಟಿ ಹೇಳಲಾರೆ ನಾನು,
ಅಪ್ಪ ಕಡಿದದ್ದನ್ನೇ ಉಂಡು ಬೆಳೆದವನು.
ಸಾವಿರ ವರ್ಷ ನಿಂತದ್ದು ಒಂದು ಮಧ್ಯಾಹ್ನದಲ್ಲಿ ಉರುಳುವ ಸದ್ದು
ಈಗಲೂ ಎಡಗಿವಿಯಲ್ಲಿದೆ.

ಆಚೆ ದ್ವೀಪದಲ್ಲಿ ಮಕ್ಕಳಿಲ್ಲದೆ ಮುಚ್ಚಿದ ಶಾಲೆಯಿತ್ತು.
ಬಿಚ್ಚಿ ದೋಣಿಯಲ್ಲಿ ತಂದೆವು, ಮೂರು ಸರತಿ.
ಗೋಡೆಗೆ ಹೊದಿಸಿದ್ದ ಮರದ ಹಂಚು
ಹೊರಗೆ ಬೂದಿ, ಮೀನಿನ ಬೆನ್ನಂತೆ;
ತಿರುಗಿಸಿದರೆ ಒಳಮೈ ಇನ್ನೂ ಕೆಂಪು,
ಎಂಬತ್ತು ವರ್ಷ ಬಿಸಿಲು ಕಾಣದ್ದು.
ತಿರುಗಿಸಿಯೇ ಹೊದಿಸಿದೆ. ಇನ್ನೊಂದು ಎಂಬತ್ತು ಬಂದೀತು,
ಅಷ್ಟರಲ್ಲಿ ನಾನೂ ಇಲ್ಲ, ದೂರುವವರೂ ಇಲ್ಲ.

ಬಾಗಿಲ ಕಂಬ ಒಂದು, ಮನ್ಯೊ ಮರ, ಕಲ್ಲಿನಂಥದು,
ಅಟ್ಟದ ಕೆಳಗಿನ ತೊಲೆಗೆ ಹೇಳಿ ಮಾಡಿಸಿದ ಉದ್ದ.
ಕೊಳೆ ತೆಗೆಯಲು ಕೀಸುಳಿ ಎತ್ತಿದ್ದೆ.
"ನಿಲ್ಲು," ಅಂದಳು ಎದೆಲ್ಮಿರಾ.
ಚಾಕುವಿನ ಗೀರುಗಳು, ಒಂದರ ಮೇಲೊಂದು.
ಯಾವುದೋ ಮೇಷ್ಟರು ವರ್ಷವರ್ಷ ಮಕ್ಕಳನ್ನು ಆನಿಸಿ ನಿಲ್ಲಿಸಿ
ಕೊರೆದಿಟ್ಟ ಎತ್ತರ. ಹೆಸರು. ಇಸವಿ.
ನೆಲ್ಡಾ. ಫಿದೇಲ್.
ಒರೋಸ್ಮಾನ್, ಅರವತ್ತೆಂಟು, ಅರವತ್ತೊಂಬತ್ತು, ಎಪ್ಪತ್ತು.
ಮುಂದೆ ಗೀರಿಲ್ಲ.
"ಕುರಿಯ ಉಣ್ಣೆ ಕತ್ತರಿಸಲು ದಕ್ಷಿಣಕ್ಕೆ ಕರಕೊಂಡು ಹೋದರು,
ಹನ್ನೆರಡು ವರ್ಷ ಅವನಿಗೆ," ಅಂದಳು.
ಅವನು ತನಗೇನಾಗಬೇಕು ಅಂತ ಹೇಳಲಿಲ್ಲ. ನಾನು ಕೇಳಲಿಲ್ಲ.
ಕೇಳಹೊರಟ ತಮಾರಾ ನನ್ನ ಮುಖ ನೋಡಿ ಸುಮ್ಮನಾದಳು.

ಕೀಸದೆ, ಹಾಗೇ, ಅಡ್ಡಡ್ಡ ಕೂರಿಸಿದೆವು.
ನಿಂತಿದ್ದ ಮಕ್ಕಳೆಲ್ಲ ಈಗ ಮಲಗಿದ್ದಾರೆ
ಅವಳ ಮಂಚದ ನೇರಕ್ಕೆ, ಮೇಲೆ,
ಎತ್ತರವೆಲ್ಲ ಉದ್ದವಾಗಿ.
ನಕ್ಷೆಯಲ್ಲಿ ಆ ತೊಲೆಯ ಹೆಸರು: ಬಿ-ಏಳು.

ಇನ್ನೂರ ಹದಿನಾಲ್ಕು ಬೆಣೆ. ಪ್ರತಿಯೊಂದಕ್ಕೂ ಅಂಕಿ.
ಇಬ್ಬರಿದ್ದರೆ ಒಂದೂವರೆ ದಿನದಲ್ಲಿ ಬಿಚ್ಚಬಹುದು ಅಂದೆ.
ನಕ್ಕಳು: "ಅಷ್ಟು ಬೇಗ ಕಳಿಸಬೇಡ ಮಾರಾಯ,
ಒಲೆ ಈಗಷ್ಟೇ ಹಚ್ಚಿದ್ದೇನೆ."

ಜುಲೈ ಚಳಿಯಲ್ಲಿ ಹೇಳಿಕಳಿಸಿದಳು: ಬಾಗಿಲು ಉಬ್ಬಿ ಕಚ್ಚುತ್ತಿದೆ.
ಹೋದೆ. ಉಗುರಿನ ದಪ್ಪ ಕೀಸಿದೆ.
ಬೂಟುಗಳು ಹೊರಗೇ ಇದ್ದವು, ಮಳೆಯಲ್ಲಿ.
ಅವಕ್ಕೆಂದು ಉಳಿಸಿದ ಒಂದು ಮೊಳದಲ್ಲಿ
ಬುಟ್ಟಿಯೊಳಗೆ ಕಂದು ಕೋಳಿಯೊಂದು
ನನ್ನನ್ನೇ ದಿಟ್ಟಿಸುತ್ತಿತ್ತು, ಮನೆಯ ಯಜಮಾನಿಯಂತೆ.
ಕೀಸಿದ ಹೊಟ್ಟನ್ನೆಲ್ಲ ಬಾಚಿ
ಎದೆಲ್ಮಿರಾ ಅದರ ಕೆಳಗೆ ತುರುಕಿದಳು.